ಖಾಲಿ ಮೊಳೆ

ಸಿಡಿಲಿಗೆ ಹಳೆಯ ರೂಟರ್ ಸತ್ತ ಮೇಲೆ
ಹೊಸದು ಬಂತು, ಮೊಲದ ಹಾಗೆ ಬೆಳ್ಳಗೆ,
ಎರಡು ಕಿವಿ ನಿಮಿರಿಸಿಕೊಂಡು.
ಕೂರಿಸಿ ಹೋದ ಹುಡುಗ ಒಂದು ಮಾತು ಹೇಳಲಿಲ್ಲ:
ಪ್ರೆಸ್ಸಿನ ಇಡೀ ಸಂಸಾರವನ್ನು ಅವನು
ಸೊನ್ನೆಯ ಕ್ರಾಸಿನಿಂದ ಒಂದನೇ ಕ್ರಾಸಿಗೆ ಎತ್ತಿಟ್ಟಿದ್ದ.

ನಮ್ಮ ಲಿನಕ್ಸ್ ಪೆಟ್ಟಿಗೆಗೆ ಸುದ್ದಿ ಮುಟ್ಟಿಲ್ಲ.
ಅದರದು ಕಾಯಂ ವಿಳಾಸ, ನಾನೇ ಬರೆದುಕೊಟ್ಟದ್ದು;
ಉಳಿದವರ ಹಾಗೆ ಬೆಳಗಾದರೆ ನಂಬರು ಬೇಡುವುದಿಲ್ಲ.
ಹಳೆಯ ಬಾಗಿಲಲ್ಲೇ ಕೂತು
ಇಲ್ಲದ ಬೀದಿಗೆ ಕೂಗು ಹಾಕುತ್ತಿದೆ.

ಲಷ್ಕರ್ ಮೊಹಲ್ಲಾ. ಸಂಜೆ ಏಳೂವರೆ.
ಬೆಂಚಿನ ಮೇಲೆ ಬೆಳಗೊಳದ ಹುಡುಗ,
ಕೈಯಲ್ಲಿ ಫೋನು, ಫೋನಿನಲ್ಲಿ ಅವನ ಅಜ್ಜಿ.
ಮುನ್ನೂರು ತಿಥಿ ಪತ್ರಿಕೆ, ಬೆಳಿಗ್ಗೆ ಮೊದಲ ಬಸ್ಸಿಗೆ.
ಒಳಕೋಣೆಯ ಪ್ರಿಂಟರು ಹಸಿರು ದೀಪ ಹಚ್ಚಿಕೊಂಡು
ಯಾರೂ ಕರೆದಿಲ್ಲವೆಂಬಂತೆ ಸುಮ್ಮನಿದೆ.

ಫೈಲು ತೆರೆದೆ. ಹಳೆಯದು ಅಳಿಸಿ ಹೊಸದು ಬರೆದೆ:
ನೂರ ತೊಂಬತ್ತೆರಡು, ಚುಕ್ಕಿ, ನೂರ ಅರವತ್ತೆಂಟು, ಚುಕ್ಕಿ,
ಒಂದು, ಚುಕ್ಕಿ, ಹತ್ತು. ಓರೆಗೆರೆ. ಇಪ್ಪತ್ತನಾಲ್ಕು.
ಒಪ್ಪಲಿಲ್ಲ.
ಹನ್ನೊಂದನೇ ಸಾಲು ಸರಿಯಿಲ್ಲ, ಅಂದಿತು.
ಏನು ಸರಿಯಿಲ್ಲ, ಅನ್ನಲಿಲ್ಲ.

ಗಟ್ಟಿಯಾಗಿ ಓದಿದೆ, ಅಕ್ಷರ ಅಕ್ಷರ. ತಪ್ಪಿಲ್ಲ.
ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ದೀಪ ಮಿಣುಕಿತು.
ಪೆಟ್ಟಿಗೆಯಿಂದ ಪೆಟ್ಟಿಗೆಗೇ ಪಿಂಗ್ ಕಳಿಸಿದೆ, ಉತ್ತರ ಬಂತು,
ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ.
ಪಕ್ಕದ ಕೋಣೆಗೆ ಕಳಿಸಿದೆ:
ತಲುಪಲಾಗದು. ತಲುಪಲಾಗದು. ತಲುಪಲಾಗದು.
ಹುಡುಗನ ಫೋನು ಕತ್ತಲಾಯಿತು.
ಹೆಬ್ಬೆರಳಲ್ಲಿ ಮುಟ್ಟಿ ಅಜ್ಜಿಯನ್ನು ಮತ್ತೆ ಬೆಳಗಿಸಿಕೊಂಡ.

ಸಿದ್ದಶೆಟ್ಟರು ಮೂಲೆಯಲ್ಲಿ ಕಾಗದ ಎಣಿಸುತ್ತಿದ್ದರು.
ಮೂವತ್ತೆರಡು ವರ್ಷ ಮೊಳೆ ಜೋಡಿಸಿದ ಕೈ;
ಟ್ರೆಡಲ್ಲು ಗುಜರಿಗೆ ಹೋದಂದಿನಿಂದ ಎಣಿಕೆ, ಕಟ್ಟು, ಗೋಂದು.
‘ಏನಂತವ್ವಾ ಅದುಕ್ಕೆ?’
‘ಹನ್ನೊಂದನೇ ಸಾಲಂತೆ.’

ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.
ಓದಲಿಲ್ಲ. ಇಂಗ್ಲಿಷು ಅವರಿಗೆ
ಉಲ್ಟಾ ಇದ್ದರೆ ಮಾತ್ರ ಸಲೀಸು.
ಅಂಗಿಯ ಜೇಬಿನಿಂದ ಹಿತ್ತಾಳೆ ರೂಲು ತೆಗೆದು
ಸಾಲುಗಳ ಎಡಕ್ಕೆ, ಗಾಜಿನ ಮೇಲೆ, ನೆಟ್ಟಗೆ ಹಿಡಿದರು:

    ವಿಳಾಸ: ಒಂದನೇ ಕ್ರಾಸು, ಹತ್ತು
     ಹೆಬ್ಬಾಗಿಲು: ಒಂದನೇ ಕ್ರಾಸು, ಒಂದು
    ಹೆಸರು ಬಲ್ಲವರು:

‘ನಡೂಕಿನದು ಒಂದು ಕೂದಲು ಒಳಕ್ಕೆ ಹೋಗದೆ ನೋಡು.’
‘ಅಲ್ಲೇನೂ ಇಲ್ಲವಲ್ಲ ಶೆಟ್ಟರೇ.’
‘ನಮ್ ಕಾಲದಲ್ಲಿ ಏನೂ ಇಲ್ದಿರೋದಕ್ಕೂ ಸೀಸ ಹಾಕ್ತಿದ್ದೊ.
ಒಂದು ಖಾಲಿ ಮೊಳೆ ಜಾಸ್ತಿ ಆದ್ರೆ ಫಾರಮ್ಮು ಬಿಗೀತಿರ್ನಿಲ್ಲ.
ಎತ್ತುದ್ರೆ ಪೂರಾ ನೆಲದ ಮೇಲೆ.’

ಒಂದು ಕೀಲಿ, ಒಂದು ಸಲ. ಸಾಲು ಹಿಂದಕ್ಕೆ ಸರಿಯಿತು.
ಒಪ್ಪಿಗೆಯಾದರೆ ಈ ಯಂತ್ರ ಏನೂ ಹೇಳುವುದಿಲ್ಲ;
ಆ ಮೌನ ಗುರುತಿಸಲು ನನಗೆ ಎರಡು ವರ್ಷ ಹಿಡಿದಿತ್ತು.
ಒಳಕೋಣೆಯಲ್ಲಿ ರೋಲರು ಕೆಮ್ಮಿ, ತಿರುಗಿತು.
ಹೊರಗಿನ ಹೆಸರುಗಳು ಇನ್ನೂ ಸಿಗುತ್ತಿಲ್ಲ.
ಅದು ಬೇರೆ ಸಾಲು, ನಾಳೆ ನೋಡುತ್ತೇನೆ.

ಮೊದಲ ಪತ್ರಿಕೆ ಬಿಸಿಬಿಸಿ ಶೆಟ್ಟರ ಕೈಗೆ.
ಅಭ್ಯಾಸಬಲ, ತಲೆಕೆಳಗಾಗಿಸಿ ಓದಿದರು.
ಹೆಬ್ಬೆರಳು ಹೆಸರಿನ ನಡುವೆ ನಿಂತಿತು: ಚಿಕ್ಕ  ತಾಯಮ್ಮ.
‘ಇಲ್ಲೂ ಒಂದು ಖಾಲಿ ಹೆಚ್ಚಾಗದೆ.’
ನನ್ನ ಕೈ ಆಗಲೇ ಕೀಲಿಯ ಮೇಲಿತ್ತು.

ಹುಡುಗ ಎದ್ದು ಬಂದ.
‘ಇರ್ಲಿ ಬುಡಿ. ಅಜ್ಜಿ ರುಜು ಹಾಕ್ತಿದ್ದುದ್ದೇ ಹಂಗೆ,
ನಡುವೆ ಒಂದಪ ಉಸ್ರು ಬುಟ್ಟು.’

ಶೆಟ್ಟರು ನನ್ನನ್ನು ನೋಡಿದರು, ನಾನು ಹುಡುಗನನ್ನು.
ಮುನ್ನೂರೂ ಹಾಗೇ ಬಂದವು.